ಮಂಕಾದ ಫೈಬರ್ ದೋಣಿ: ಉಜ್ಜುವ ಮೊದಲು ರೋಗ ಯಾವುದೆಂದು ನೋಡಿ

ಮೇ ತಿಂಗಳ ಕೊನೆಗೆ ಹೊನ್ನಾವರದಲ್ಲಿ ಪ್ರವಾಸಿಗರ ಓಡಾಟ ಕಡಿಮೆಯಾಗುತ್ತದೆ. ಶರಾವತಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸಲು ಓಡುತ್ತಿದ್ದ ದೋಣಿಗಳು ಒಂದೊಂದಾಗಿ ದಡ ಹತ್ತುತ್ತವೆ. ನಮ್ಮದು 18 ಅಡಿಯ ಫೈಬರ್ ದೋಣಿ. ಬಿಳಿ ಮೈ, ಮೇಲೊಂದು ನೀಲಿ ಪಟ್ಟಿ. ನೀರಿನಲ್ಲಿರುವಷ್ಟು ದಿನ ಚೆನ್ನಾಗಿಯೇ ಕಾಣುತ್ತದೆ. ಮೇಲೆಳೆದು ಒಂದು ದಿನ ಒಣಗಲು ಬಿಟ್ಟರೆ ಬಣ್ಣ ಬಯಲಾಗುತ್ತದೆ. ಬಿಳಿ ಮೈ ಸುಣ್ಣ ಹೊಡೆದ ಗೋಡೆಯ ಹಾಗೆ. ನೀಲಿ ಪಟ್ಟಿ ವರ್ಷಗಟ್ಟಲೆ ಒಗೆದ ಲುಂಗಿಯ ಹಾಗೆ.

ಮೊದಲ ಸಲ ಹೀಗಾದಾಗ ನಾನು ಸೀದಾ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಡಬ್ಬಿ ರಬ್ಬಿಂಗ್ ಕಾಂಪೌಂಡ್, ಅಂದರೆ ಮೈ ಉಜ್ಜಿ ಹೊಳಪು ತರುವ ಹರಳು ಹರಳಾದ ಪೇಸ್ಟ್, ತಂದೆ. ಎರಡು ದಿನ ಉಜ್ಜಿದೆ. ಹದಿನೈದು ದಿನ ಹೊಳೆಯಿತು, ಮತ್ತೆ ಮೊದಲಿನ ಹಾಗೇ. ಮರುವರ್ಷ ಇನ್ನೂ ಜೋರಾಗಿ ಉಜ್ಜಿದೆ. ಮೂರನೇ ವರ್ಷ ಒಂದು ಕಡೆ ಬಿಳಿಯ ಕೆಳಗಿನಿಂದ ಫೈಬರ್ ಎಳೆಗಳು ಬಲೆಯ ಹಾಗೆ ಕಾಣತೊಡಗಿದವು. ಪಕ್ಕದಲ್ಲಿ ನಾಡದೋಣಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ನೋಡಿ, "ಮಂಕು ಅಂದ್ರೆ ಜ್ವರ ಇದ್ದ ಹಾಗೆ ತಮಾ. ಯಾವ ಜ್ವರ ಅಂತ ನೋಡದೆ ಗುಳಿಗೆ ಕೊಟ್ರೆ ಹೇಗೆ?" ಎಂದರು. ಈ ಬರಹ ಆಮೇಲೆ ಕಲಿತದ್ದು.

ಹೊಳೆಯುವುದು ಯಾವುದು?

ಫೈಬರ್ ದೋಣಿಗೆ ಸಾಮಾನ್ಯವಾಗಿ ಬಣ್ಣ ಹೊಡೆದಿರುವುದಿಲ್ಲ. ದೋಣಿ ಮಾಡುವಾಗ ಅಚ್ಚಿನೊಳಗೆ ಮೊದಲು ಹಚ್ಚುವುದೇ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳ. ಅದರ ಹೆಸರು ಜೆಲ್‌ಕೋಟ್. ಅದರ ಮೇಲೆ ಗಾಜಿನ ಎಳೆಯ ಮ್ಯಾಟ್ ಹಾಸಿ, ರಾಳ ಸುರಿದು, ರೋಲರ್ ಉರುಳಿಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಜೆಲ್‌ಕೋಟ್ ಹೊರಗೆ ಬರುತ್ತದೆ. ಅಚ್ಚಿನ ಒಳಮೈ ಎಷ್ಟು ನುಣುಪೋ ದೋಣಿಯ ಮೈ ಅಷ್ಟು ನುಣುಪು.

ಈ ಜೆಲ್‌ಕೋಟ್ ಹೊಸತರಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ. ನಿಮ್ಮ ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಅಂದರೆ ಕಾರ್ಡಿಗಿಂತಲೂ ತೆಳು. ಅದು ಬ್ಯಾಂಕಿನಲ್ಲಿಟ್ಟ ಅಸಲು ಇದ್ದ ಹಾಗೆ. ಪ್ರತಿ ಸಲ ಉಜ್ಜಿದಾಗಲೂ ಅದರಿಂದಲೇ ತೆಗೆಯುತ್ತೇವೆ. ವಾಪಸ್ ಯಾರೂ ಹಾಕುವುದಿಲ್ಲ.

ಬಿಸಿಲಿನ ನೇರಳಾತೀತ ಕಿರಣ ರಾಳವನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಮುರಿಯುತ್ತದೆ. ರಾಳ ಹೋದ ಮೇಲೆ ಅದರಲ್ಲಿದ್ದ ಬಣ್ಣದ ಪುಡಿ ಹಿಡಿತವಿಲ್ಲದೆ ಉಳಿಯುತ್ತದೆ. ಮೈಮೇಲೆ ಕಣ್ಣಿಗೆ ಕಾಣದ ಗುಂಡಿಗಳಾಗುತ್ತವೆ. ನುಣುಪಾದ ಮೈ ಬೆಳಕನ್ನು ಕನ್ನಡಿಯ ಹಾಗೆ ಒಂದೇ ಕಡೆ ತಿರುಗಿಸುತ್ತದೆ, ಗುಂಡಿ ಬಿದ್ದ ಮೈ ಎಲ್ಲ ಕಡೆ ಚೆಲ್ಲುತ್ತದೆ. ಇಷ್ಟೇ ಮಂಕು ಅಂದರೆ. ಒದ್ದೆಯಾದಾಗ ಗುಂಡಿಗಳಲ್ಲಿ ನೀರು ತುಂಬಿ ಮತ್ತೆ ನುಣುಪಾಗುತ್ತದೆ. ಹಾಗಾಗಿ ನೀರಿನಲ್ಲಿದ್ದಾಗ ದೋಣಿ ಹೊಸತರಂತೆ ಕಂಡು ನಮ್ಮನ್ನು ಏಮಾರಿಸುತ್ತದೆ.

ಆದರೆ ಎಲ್ಲ ಮಂಕೂ ಬಿಸಿಲಿನದ್ದಲ್ಲ. ಉಪ್ಪು ಕಟ್ಟಿದ್ದಿರಬಹುದು, ಹೊಳೆ ನೀರಿನ ಕಲೆ ಇರಬಹುದು, ಯಾರೋ ಹಿಂದೆ ಬಳಿದ ಪಾಲಿಶ್ ಸತ್ತದ್ದಿರಬಹುದು, ಜೆಲ್‌ಕೋಟ್ ಮೇಲೆ ಹೊಡೆದ ಪೇಂಟ್ ಇರಬಹುದು. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ.

ಮೊದಲು ತೊಳೆಯಿರಿ, ಆಮೇಲೆ ಪರೀಕ್ಷೆ

ಕೊಳೆ ಮೈಮೇಲೆ ಪರೀಕ್ಷೆ ಮಾಡಿದರೆ ಸಿಗುವುದು ಕೊಳೆಯ ಉತ್ತರ. ಬಾವಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬ್ರಷ್ ಸಾಕು. ಸ್ಟೀಲ್ ಉಜ್ಜುವ ತಂತಿ ಬೇಡ, ಹಸಿರು ಸ್ಕ್ರಬ್ಬರ್ ಕೂಡ ಬೇಡ. ಚೆನ್ನಾಗಿ ಒಣಗಲಿ. ಇಷ್ಟಕ್ಕೇ ಅರ್ಧ ಮಂಕು ಹೋದ ದೋಣಿಗಳನ್ನು ನೋಡಿದ್ದೇನೆ.

ಇನ್ನು ಬೆರಳು. ಒಣಗಿದ ಮೈಮೇಲೆ ಬೆರಳನ್ನು ಒತ್ತಿ ಎಳೆಯಿರಿ. ಬಿಳಿ ಪುಡಿ ಅಂಟಿದರೆ, ನೀಲಿ ಪಟ್ಟಿಯಿಂದ ನೀಲಿ ಪುಡಿ ಬಂದರೆ, ಅದು ಬಿಸಿಲು ತಿಂದ ಮೈ. ಬಿಳಿ ಮೈಯ ಪುಡಿ ಬೆರಳಿನಲ್ಲಿ ಕಾಣದಿದ್ದರೆ ಕಪ್ಪು ಬಟ್ಟೆಯಿಂದ ಒರೆಸಿ ನೋಡಿ.

ಆಮೇಲೆ ನೀರು. ಒಂದು ಚೊಂಬು ನೀರು ಎರಚಿ. ಬಣ್ಣ ಥಟ್ಟನೆ ಎದ್ದು ಬಂದು, ಒಣಗುತ್ತಿದ್ದಂತೆ ಮತ್ತೆ ಮಂಕಾದರೆ ಒಳಗೆ ಒಳ್ಳೆಯ ಬಣ್ಣ ಇದೆ, ಉಜ್ಜಿದರೆ ಸಿಗುತ್ತದೆ ಎಂದರ್ಥ. ಒದ್ದೆಯಾದರೂ ಕಂದು, ಹಳದಿ ಹಾಗೇ ಉಳಿದರೆ ಅದು ಕಲೆ. ಉಜ್ಜುವ ಕೆಲಸ ಆಮೇಲಿನದು.

ನನಗೆ ತುಂಬ ಇಷ್ಟವಾದ ಪರೀಕ್ಷೆ ಮುಚ್ಚಿಕೊಂಡಿದ್ದ ಜಾಗ ನೋಡುವುದು. ದೋಣಿಯ ಅಂಚಿಗೆ ಹಾಕಿದ ರಬ್ಬರ್ ಪಟ್ಟಿಯನ್ನು ಒಂದು ಕಡೆ ಬಿಚ್ಚಿ. ಹಗ್ಗ ಕಟ್ಟುವ ಗೂಟದ ಬುಡದ ಪ್ಲೇಟ್ ತೆಗೆದು ನೋಡಿ. ಅದರ ಕೆಳಗೆ ಮೈ ಹೊಳೆಯುತ್ತಿದ್ದು ಪಕ್ಕದಲ್ಲೇ ಮಂಕಾಗಿದ್ದರೆ, ಬಿಸಿಲಿಗೆ ಎಷ್ಟು ಹೋಗಿದೆ ಎಂದು ಕಣ್ಣೆದುರೇ ಗೊತ್ತಾಗುತ್ತದೆ. ನೀವು ತಲುಪಬೇಕಾದ ಗುರಿಯೂ ಅದೇ. ಕೆಳಗೂ ಮಂಕೇ ಇದ್ದರೆ ಬಿಸಿಲಿಗೆ ಬೈದು ಪ್ರಯೋಜನವಿಲ್ಲ. ಅಚ್ಚೇ ಸವೆದಿತ್ತು, ಅಥವಾ ಜೆಲ್‌ಕೋಟ್ ಸರಿಯಾಗಿ ಗಟ್ಟಿಯಾಗಿರಲಿಲ್ಲ. ಅಂಥ ಮೈಯನ್ನು ಉಜ್ಜಿದರೆ ಸ್ವಲ್ಪ ಸುಧಾರಿಸುತ್ತದೆ, ಜಾಸ್ತಿ ಆಸೆ ಬೇಡ.

ಎರಡೂ ಮಗ್ಗುಲು ಹೋಲಿಸಿ ನೋಡುವುದೂ ಒಳ್ಳೆಯದು. ನಮ್ಮ ದೋಣಿಯ ಬಲಮಗ್ಗುಲು ಎಡಕ್ಕಿಂತ ತುಂಬ ಮಂಕಾಗಿತ್ತು. ಕಾರಣ ಹೊಳೆಯಲಿಲ್ಲ. ಆಮೇಲೆ ಲೆಕ್ಕ ಹಾಕಿದರೆ, ದಡದಲ್ಲಿ ಯಾವಾಗಲೂ ಬಲಮಗ್ಗುಲನ್ನೇ ದಕ್ಷಿಣಕ್ಕೆ ಮಾಡಿ ನಿಲ್ಲಿಸುತ್ತಿದ್ದೆವು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸೂರ್ಯ ನಮಗೆ ದಕ್ಷಿಣಕ್ಕೇ ವಾಲಿರುತ್ತಾನೆ. ಬಡಗಿನ ಬಿಸಿಲು ಬೀಳುವ ಹೊತ್ತಿಗೆ ಇಲ್ಲಿ ಮೋಡ, ಮಳೆ. ಹಾಗಾಗಿ ಏಟೆಲ್ಲ ಒಂದೇ ಮಗ್ಗುಲಿಗೆ.

ಕೊನೆಯದು ಅಸಿಟೋನ್. ಒಂದು ಬಿಳಿ ಬಟ್ಟೆಗೆ ಸ್ವಲ್ಪ ಹಾಕಿ, ಕಾಣದ ಮೂಲೆಯಲ್ಲಿ ಅರ್ಧ ನಿಮಿಷ ಉಜ್ಜಿ. ಬಣ್ಣ ಮೆತ್ತಗಾಗಿ ಬಟ್ಟೆಗೆ ಕೆನೆಯ ಹಾಗೆ ಬಂದರೆ ಅದು ಜೆಲ್‌ಕೋಟ್ ಅಲ್ಲ, ಮೇಲೆ ಯಾರೋ ಹೊಡೆದ ಸಾದಾ ಪೇಂಟ್. ಹಳದಿ ಜಿಡ್ಡು ಬಂದು ಕೆಳಗೆ ಮೈ ಬೆಳ್ಳಗಾದರೆ ಹಳೆಯ ವ್ಯಾಕ್ಸ್ ಅಥವಾ ಪಾಲಿಶ್. ಏನೂ ಬರದಿದ್ದರೆ, ಅಥವಾ ಬರೀ ಒಣಪುಡಿ ಬಂದರೆ ಜೆಲ್‌ಕೋಟ್. ಎರಡು ಡಬ್ಬಿ ಕಲಸಿ ಹೊಡೆಯುವ ಪಾಲಿಯುರೆಥೇನ್ ಪೇಂಟ್ ಕೂಡ ಅಸಿಟೋನ್‌ಗೆ ಜಗ್ಗುವುದಿಲ್ಲ. ಅದನ್ನು ಗುರುತಿಸಲು ಎಲ್ಲಾದರೂ ಚೆಕ್ಕೆ ಎದ್ದ ಜಾಗ ಹುಡುಕಿ ಅಡ್ಡಕ್ಕೆ ನೋಡಬೇಕು. ಬೇರೆ ಬಣ್ಣದ ಮೈಮೇಲೆ ತೆಳು ಪದರ ಕಂಡರೆ ಪೇಂಟ್. ಅಸಿಟೋನ್ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಬೀಡಿ, ಒಲೆ, ಸ್ಟಾರ್ಟ್ ಆದ ಇಂಜಿನ್ ಹತ್ತಿರ ಬೇಡ.

ಪೇಂಟ್ ಅಂತ ಗೊತ್ತಾದರೆ ಈ ಬರಹದ ಉಜ್ಜುವ ಭಾಗ ನಿಮಗಲ್ಲ. ಪೇಂಟ್ ಪದರ ತೀರಾ ತೆಳು. ಹಗುರ ಪಾಲಿಶ್ ಮಾತ್ರ ತಡೆಯುತ್ತದೆ.

ಕಂದು ಕಲೆ, ಹಳದಿ ಮೀಸೆ

ಅಳಿವೆಯಲ್ಲಿ ಓಡುವ ದೋಣಿಗಳಿಗೆ ಮೂತಿಯ ಎರಡೂ ಕಡೆ, ನೀರಿನ ಗೆರೆಗೆ ಸರಿಯಾಗಿ, ಹಳದಿ ಮೀಸೆ ಮೂಡುತ್ತದೆ. ಕಾಂಡ್ಲಾ ಎಲೆ, ತೊಗಟೆ ಕೊಳೆತು ನೀರಿಗೆ ಬಿಡುವ ಟ್ಯಾನಿನ್ ಇದಕ್ಕೆ ಮುಖ್ಯ ಕಾರಣ. ಚಹಾ ಲೋಟದ ತಳದಲ್ಲಿ ಕಟ್ಟುವ ಕಲೆಯಂಥದೇ. ಮೈ ಬಿಸಿಲಿಗೆ ಗುಂಡಿ ಬಿದ್ದಿದ್ದರೆ ಕಲೆ ಇನ್ನೂ ಆಳಕ್ಕೆ ಇಳಿಯುತ್ತದೆ. ಇದನ್ನು ಕಾಂಪೌಂಡ್ ಹಾಕಿ ಉಜ್ಜಿ ತೆಗೆಯುವುದು ಅಸಲನ್ನು ಸುಮ್ನೆ ಕರಗಿಸಿದ ಹಾಗೆ.

ಇದಕ್ಕೆ ಆಕ್ಸಾಲಿಕ್ ಆ್ಯಸಿಡ್ ಸಾಕು. ಪುಡಿಯಾಗಿ ಸಿಗುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಹಾಕಿ ಕರಗಿಸಿ. ಮಗ್ಗುಲು ನೆಟ್ಟಗಿರುವುದರಿಂದ ಬಳಿದದ್ದೆಲ್ಲ ಇಳಿದುಹೋಗುತ್ತದೆ. ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ನೆನೆಸಿ ಕಲೆಯ ಮೇಲೆ ಅಂಟಿಸಿಬಿಡಿ. ಹತ್ತು ನಿಮಿಷ ಬಿಡಿ, ಒಣಗಲು ಬಿಡಬೇಡಿ, ಆಮೇಲೆ ಧಾರಾಳ ನೀರು ಹಾಕಿ ತೊಳೆಯಿರಿ. ಬೋಲ್ಟ್ ಬುಡದಿಂದ ಇಳಿದ ತುಕ್ಕಿನ ಗೆರೆಗೂ ಇದೇ ಮದ್ದು. ಆದರೆ ಆ ಬೋಲ್ಟ್ ಬದಲಿಸದಿದ್ದರೆ ಗೆರೆ ಮತ್ತೆ ಬರುತ್ತದೆ.

ಆಕ್ಸಾಲಿಕ್ ವಿಷ. ಕೈಗವಸು, ಕಣ್ಣು ಮುಚ್ಚುವ ಸುರಕ್ಷಾ ಕನ್ನಡಕ ಬೇಕೇ ಬೇಕು. ಅಡುಗೆಮನೆಯ ಪಾತ್ರೆ ಮುಟ್ಟಬೇಡಿ. ಬ್ಲೀಚಿಂಗ್ ಜೊತೆ ಬೆರೆಸಬೇಡಿ. ಜಿಂಕ್ ಲೇಪದ ಟ್ರೇಲರ್ ಮೇಲೆ, ಅಲ್ಯೂಮಿನಿಯಂ ಮೇಲೆ ಹರಿಯಲು ಬಿಡಬೇಡಿ. ಕೆಲವರು ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹಾಕುತ್ತಾರೆ. ಕಲೆ ಕ್ಷಣದಲ್ಲಿ ಹೋಗುತ್ತದೆ ನಿಜ. ಜೊತೆಗೆ ಸ್ಟೀಲ್ ಸಾಮಾನುಗಳ ಹೊಳಪೂ ಹೋಗುತ್ತದೆ. ಅದು ಬೇಡ.

ಬೆಳ್ಳಗೆ ಒರಟಾಗಿ ಕಟ್ಟಿದ್ದು ಉಪ್ಪು, ಸುಣ್ಣ ಆಗಿದ್ದರೆ ವಿನೆಗರ್ ಹನಿಸಿ. ಸಣ್ಣ ಗುಳ್ಳೆ ಎದ್ದು ಕರಗಿದರೆ ಸುಣ್ಣ. ದೋಣಿಯ ಮೈಗೆ ಅಂಟಿ ಬೆಳೆಯುವ ಬಾರ್ನಕಲ್ ಎಂಬ ಜೀವಿಯ ಚಿಪ್ಪು ಕಿತ್ತ ಮೇಲೆ ಉಳಿಯುವ ಬಿಳಿ ಉಂಗುರವೂ ಇದೇ ಜಾತಿ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ, ಕತ್ತಿಯಿಂದಲ್ಲ.

ಉಜ್ಜಿದರೂ ಹೋಗದ ರೋಗಗಳು

ಇವನ್ನು ಕಾಂಪೌಂಡ್ ಡಬ್ಬಿ ತೆರೆಯುವ ಮೊದಲೇ ಹುಡುಕಬೇಕು.

ಜೇಡನ ಬಲೆಯಂಥ ಬಿರುಕು. ಹಗ್ಗದ ಗೂಟದ ಸುತ್ತ, ದೋಣಿಯ ಮೂಲೆಗಳಲ್ಲಿ, ಕಲ್ಲಿಗೆ ತಾಗಿದ ಜಾಗದಲ್ಲಿ ಇರುತ್ತದೆ. ಉಜ್ಜಿದರೆ ಕಾಂಪೌಂಡ್ ಬಿರುಕಿನೊಳಗೆ ಕೂತು ಇನ್ನೂ ಎದ್ದು ಕಾಣುತ್ತದೆ. ಬಿರುಕನ್ನು ಅಗಲಿಸಿ, ಹೊಸ ಜೆಲ್‌ಕೋಟ್ ತುಂಬಿಯೇ ಸರಿಮಾಡಬೇಕು. ಗೂಟದ ಬುಡ ಅಲುಗಾಡುತ್ತಿದ್ದರೆ ಮೊದಲು ಅದನ್ನು ಬಿಗಿ ಮಾಡಬೇಕು. ಇಲ್ಲವಾದರೆ ಅದೇ ಜಾಗದಲ್ಲಿ ಮತ್ತೆ ಬಿರಿಯುತ್ತದೆ.

ಗುಳ್ಳೆ. ತಿಂಗಳುಗಟ್ಟಲೆ ನೀರಿನಲ್ಲೇ ಇರುವ ದೋಣಿಯ ತಳದಲ್ಲಿ ಏಳುತ್ತದೆ. ಕನ್ನಡಕ ಹಾಕಿಕೊಂಡು ಚುಚ್ಚಿದರೆ ವಿನೆಗರ್‌ನಂತೆ ನಾರುವ ನೀರು ಬರುತ್ತದೆ. ಇದು ಹೊಳಪಿನ ಮಾತೇ ಅಲ್ಲ, ತಳವನ್ನು ಒಣಗಿಸಿ ಎಪಾಕ್ಸಿ ರಾಳ ಹಾಕಿಸುವ ಕೆಲಸ.

ಎಳೆ ಕಾಣುವುದು. ಬಿಳಿಯ ಹಿಂದಿನಿಂದ ನೇಯ್ಗೆಯ ಚೌಕಗಳು, ಹಸಿರು ಮಿಶ್ರಿತ ಹಳದಿ ಛಾಯೆ ಕಂಡರೆ ಜೆಲ್‌ಕೋಟ್ ಮುಗಿಯುತ್ತ ಬಂದಿದೆ. ಅಲ್ಲಿ ಕೈ ಇಡಬೇಡಿ. ಮೂಲೆ, ಅಂಚುಗಳಲ್ಲಿ ಜೆಲ್‌ಕೋಟ್ ಮೊದಲಿನಿಂದಲೂ ತೆಳುವಾಗಿರುತ್ತದೆ. ನನ್ನ ದೋಣಿಗೆ ಆದದ್ದು ಅಂಚಿನಲ್ಲೇ.

ಒಂದು ಅಡಿ ಚೌಕ

ಎಷ್ಟು ಉಜ್ಜಬೇಕು ಎಂಬುದಕ್ಕೆ ಉತ್ತರ ನಿಮ್ಮ ದೋಣಿಯ ಮೈಯಲ್ಲೇ ಇದೆ. ಹೆಚ್ಚು ಮಂಕಾದ ಕಡೆ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಚೌಕಕ್ಕೆ ಟೇಪ್ ಅಂಟಿಸಿ, ಅದನ್ನು ನಾಲ್ಕು ಮನೆ ಮಾಡಿ. ಮೊದಲನೆಯದನ್ನು ತೊಳೆದು ಹಾಗೇ ಬಿಡಿ. ಎರಡನೆಯದಕ್ಕೆ ಬರೀ ನುಣುಪು ಪಾಲಿಶ್. ಮೂರನೆಯದಕ್ಕೆ ರಬ್ಬಿಂಗ್ ಕಾಂಪೌಂಡ್, ಆಮೇಲೆ ಪಾಲಿಶ್. ನಾಲ್ಕನೆಯದಕ್ಕೆ 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಾದಷ್ಟೂ ನುಣುಪು), ಕಾಂಪೌಂಡ್, ಪಾಲಿಶ್. ನಾಲ್ಕನ್ನೂ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ. ಸಂಜೆ ಓರೆ ಬಿಸಿಲಿನಲ್ಲಿ ಪಕ್ಕದಿಂದ ನೋಡಿ.

ಆ ಸ್ಪಿರಿಟ್ ಒರೆಸುವುದನ್ನು ಬಿಡಬೇಡಿ. ಕಾಂಪೌಂಡ್, ಪಾಲಿಶ್ ಎರಡರಲ್ಲೂ ಎಣ್ಣೆ ಇರುತ್ತದೆ. ಅದು ನೀರಿನ ಹಾಗೇ ಗುಂಡಿ ತುಂಬಿ ಸುಳ್ಳು ಹೊಳಪು ಕೊಡುತ್ತದೆ. ನನ್ನ ಮೊದಲ ವರ್ಷದ ಹದಿನೈದು ದಿನಗಳ ಹೊಳಪು ಇದೇ. ಸತ್ತ ಪದರ ಪೂರ್ತಿ ಹೋಗಿರಲಿಲ್ಲ, ಎಣ್ಣೆ ಕೂತಿತ್ತು, ಎರಡು ಸಲ ತೊಳೆದಾಗ ಹೋಯಿತು. ಸ್ಪಿರಿಟ್ ಹಾಕಿ ಒರೆಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಒರೆಸಿದ ಮೇಲೂ ಹೊಳೆಯುವ ಮನೆಗಳಲ್ಲಿ ಅತಿ ಕಡಿಮೆ ಉಜ್ಜಿದ್ದು ಯಾವುದೋ ಅದೇ ನಿಮ್ಮ ದೋಣಿಗೆ ಸರಿಯಾದ ಮದ್ದು. ನಾಲ್ಕನೇ ಮನೆ ಇನ್ನೂ ಚೂರು ಚೆಂದ ಕಾಣಬಹುದು. ಆಸೆ ಬೇಡ.

ಉಜ್ಜುವ ಕೆಲಸ

ಬಫಿಂಗ್ ಮಷಿನ್ ಇದ್ದರೆ ಒಳ್ಳೆಯದು. ವೇಗ ಹೊಂದಿಸಲು ಆಗುವಂಥದ್ದೇ ಬೇಕು. ನಿಮಿಷಕ್ಕೆ 1000ರಿಂದ 1500 ಸುತ್ತು ಸಾಕು. ಇಲ್ಲಿ ಭಾವನ ಗ್ರೈಂಡರ್ ಕತೆ ಹೇಳಲೇಬೇಕು. ನಾನು ಕೈಯಲ್ಲಿ ಉಜ್ಜಿ ಸುಸ್ತಾದದ್ದು ನೋಡಿ ಭಾವ ಕಬ್ಬಿಣ ಕತ್ತರಿಸುವ ನಾಲ್ಕು ಇಂಚಿನ ಗ್ರೈಂಡರ್‌ಗೆ ಉಣ್ಣೆಯ ಪ್ಯಾಡ್ ಸಿಕ್ಕಿಸಿಕೊಂಡು ಬಂದ. ಅದು ಓಡುವುದು ನಿಮಿಷಕ್ಕೆ ಸುಮಾರು 11,000 ಸುತ್ತು. ಅರ್ಧ ನಿಮಿಷದಲ್ಲಿ ಕರಟಿದ ವಾಸನೆ ಬಂತು. ಬಿಳಿ ಮೈ ಹಳದಿ ತಿರುಗಿತು. ಅಂಚಿನ ಹತ್ತಿರ ಹೋದಾಗ ಜೆಲ್‌ಕೋಟ್ ಹೋಗಿಯೇ ಬಿಟ್ಟಿತು. ಭಾವ ಮಷಿನ್ ಆಫ್ ಮಾಡಿ, "ಇದು ಮೊದಲೇ ಹೀಗಿತ್ತೇನೋ" ಎಂದ. ಇರಲಿಲ್ಲ.

ಬಿಸಿಲಿನಲ್ಲಿ ಉಜ್ಜಬೇಡಿ. ಬೆಳಿಗ್ಗೆ ಏಳರಿಂದ ಹತ್ತು, ಅಥವಾ ನೆರಳು. ಮೈಮೇಲೆ ಅಂಗೈ ಹಿಂಭಾಗ ಇಟ್ಟರೆ ತಣ್ಣಗಿರಬೇಕು. ಬಿಸಿ ಮೈಮೇಲೆ ಕಾಂಪೌಂಡ್ ಕ್ಷಣದಲ್ಲಿ ಒಣಗಿ ಅಂಟಿಕೊಳ್ಳುತ್ತದೆ. ಒಮ್ಮೆಗೆ ಎರಡು ಅಡಿ ಚೌಕಕ್ಕಿಂತ ದೊಡ್ಡ ಜಾಗ ಹಿಡಿಯಬೇಡಿ. ಕಾಂಪೌಂಡನ್ನು ಮೊದಲು ಮಷಿನ್ ನಿಲ್ಲಿಸಿ ಪ್ಯಾಡಿನಿಂದಲೇ ಮೈಗೆ ಸವರಿ, ಆಮೇಲೆ ಚಾಲೂ ಮಾಡಿ. ಹಾಗೆ ಮಾಡದಿದ್ದರೆ ಅರ್ಧ ನಿಮ್ಮ ಅಂಗಿಗೆ. ಪ್ಯಾಡ್ ಎಲ್ಲೂ ನಿಲ್ಲಬಾರದು, ಭಾರ ಹಾಕಬಾರದು. ಉಣ್ಣೆಯ ಪ್ಯಾಡ್ ಕಾಂಪೌಂಡಿಗೆ, ಸ್ಪಂಜಿನ ಪ್ಯಾಡ್ ಪಾಲಿಶಿಗೆ. ಒಂದೇ ಪ್ಯಾಡಿನಲ್ಲಿ ಎರಡೂ ಮಾಡಿದರೆ ಕಾಂಪೌಂಡಿನ ಹರಳು ಪಾಲಿಶಿಗೂ ಬಂದು ಗೀರು ಬೀಳುತ್ತದೆ. ಅಂಚು, ಮೂಲೆಗಳಿಗೆ ಟೇಪ್ ಅಂಟಿಸಿ, ಕೊನೆಗೆ ಕೈಯಲ್ಲೇ ಹಗುರವಾಗಿ ಉಜ್ಜಿ.

ಒದ್ದೆ ನೆಲ, ಕರೆಂಟಿನ ಮಷಿನ್. ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಪ್ಲಗ್‌ನಿಂದಲೇ ವೈರ್ ಎಳೆಯಿರಿ. ವೈರನ್ನು ಹೆಗಲ ಮೇಲೆ ಹಾಕಿಕೊಳ್ಳಿ. ಕಾಲಿಗೆ ಚಪ್ಪಲಿ ಇರಲಿ. ವಾಟರ್ ಪೇಪರಿನ ಕೆಲಸ, ಮಷಿನ್ ಕೆಲಸ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ.

ಕಾಂಪೌಂಡಿಗೆ ಬಗ್ಗದ ಮೈಗೆ ಮಾತ್ರ ವಾಟರ್ ಪೇಪರ್. 800 ಅಥವಾ 1000ದಿಂದ ಶುರು ಮಾಡಿ 1500ಕ್ಕೆ ಬನ್ನಿ. ನೀಲಿ, ಕೆಂಪು, ಕಪ್ಪು ಬಣ್ಣ ಗೀರನ್ನು ಜಾಸ್ತಿ ತೋರಿಸುತ್ತವೆ, ಅವಕ್ಕೆ 2000ದವರೆಗೂ ಹೋಗಿ. ಬಕೆಟ್ ನೀರಿಗೆ ಎರಡು ಹನಿ ಸೋಪು ಹಾಕಿ. ಪೇಪರನ್ನು ರಬ್ಬರ್ ಅಥವಾ ಮರದ ತುಂಡಿಗೆ ಸುತ್ತಿ ಹಿಡಿಯಿರಿ. ಬರೀ ಬೆರಳಲ್ಲಿ ಒತ್ತಿದರೆ ಬೆರಳಿನ ಸಾಲು ಮೂಡುತ್ತದೆ. ಒಂದು ನಂಬರನ್ನು ಅಡ್ಡಕ್ಕೆ ಉಜ್ಜಿದರೆ ಮುಂದಿನದನ್ನು ಉದ್ದಕ್ಕೆ ಉಜ್ಜಿ. ಆಗ ಹಿಂದಿನ ಗೀರು ಹೋಯಿತೋ ಇಲ್ಲವೋ ಕಾಣುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಪೆನ್ಸಿಲ್ ಇದೆ. ಉಜ್ಜುವ ಮೊದಲು ಮೈಮೇಲೆ ಹಗುರವಾಗಿ ನಾಲ್ಕು ಗೆರೆ ಎಳೆಯಿರಿ. ಗೆರೆ ಸಮವಾಗಿ ಅಳಿಸಿದರೆ ಆಯಿತು, ಕೈ ತೆಗೆಯಿರಿ. ನೀರಿನಲ್ಲಿ ಬರುವ ಹಾಲಿನಂಥ ದ್ರವ ಮೊದಲು ಮಸುಕು ಬಣ್ಣದ್ದಿರುತ್ತದೆ. ಸತ್ತ ಪದರ ಹೋದ ಮೇಲೆ ನಿಜ ಬಣ್ಣದ್ದು ಬರುತ್ತದೆ. ನೀಲಿ ಪಟ್ಟಿಯಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ.

18 ಅಡಿಯ ದೋಣಿಗೆ ಒಬ್ಬನೇ ಆದರೆ ಎರಡು ಮೂರು ದಿನ ಬೇಕು. ಮಾಸ್ಕ್ ಹಾಕಿಕೊಳ್ಳಿ. ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಎಳೆ ಬಿಟ್ಟ ಜಾಗದ ಗಾಜಿನ ಪುಡಿ ಮೈಗೆ ತಾಗಿದರೆ ಅವತ್ತು ರಾತ್ರಿಯಿಡೀ ತುರಿಕೆ.

ಮುಗಿದ ಮೇಲೂ ಸರಿ ಕಾಣದಿದ್ದರೆ

ಬಿಸಿಲಿನಲ್ಲಿ ಸುರುಳಿ ಸುರುಳಿ ಗೀರು ಕಂಡರೆ ಪ್ಯಾಡ್ ಕೊಳೆಯಾಗಿತ್ತು, ಅಥವಾ ಕಾಂಪೌಂಡಿನ ನಂತರ ಪಾಲಿಶ್ ಹಂತ ಬಿಟ್ಟಿದ್ದೀರಿ. ಸ್ಪಂಜಿನ ಪ್ಯಾಡ್, ನುಣುಪು ಪಾಲಿಶ್, ಕಡಿಮೆ ವೇಗ, ಇಷ್ಟರಲ್ಲಿ ಹೋಗುತ್ತದೆ.

ನೇರ ಗೀರುಗಳು ಉಳಿದಿದ್ದರೆ ಅವು ಹಿಂದಿನ ವಾಟರ್ ಪೇಪರಿನವು. ಕಾಂಪೌಂಡ್ ಎಷ್ಟು ಹಾಕಿದರೂ ಹೋಗಲ್ಲ. ಬೇಸರವಾದರೂ ಒಂದು ನಂಬರ್ ಹಿಂದೆ ಹೋಗಬೇಕು.

ಒಂದು ಕಡೆ ಹೊಳೆದು ಪಕ್ಕದಲ್ಲಿ ತೇಪೆಯ ಹಾಗೆ ಮಂಕಾಗಿದ್ದರೆ, ಅಲ್ಲಿ ಹಿಂದೆ ರಿಪೇರಿ ಆಗಿದೆ. ಹಳೆಯ ದೋಣಿ ಕೊಂಡವರಿಗೆ ಈ ಸತ್ಯ ಹೊರಗೆ ಬರುವುದು ಪಾಲಿಶ್ ಮಾಡುವಾಗಲೇ. ನನಗೆ ಮಾರಿದವರೂ ಏನೂ ಹೇಳಿರಲಿಲ್ಲ.

ಮೈ ತುಂಬ ಸಣ್ಣ ಸೂಜಿ ತೂತು ಕಂಡರೆ ಜೆಲ್‌ಕೋಟ್‌ನೊಳಗಿದ್ದ ಗಾಳಿಗುಳ್ಳೆ ತೆರೆದುಕೊಂಡಿದೆ. ಮುಂದುವರಿಯಬೇಡಿ.

ವ್ಯಾಕ್ಸ್, ಮತ್ತು ವ್ಯಾಕ್ಸ್ ಅಲ್ಲದ್ದು

ಉಜ್ಜಿದ ಮೈ ಬೆತ್ತಲೆ. ಹಾಗೇ ಬಿಟ್ಟರೆ ಬಿಸಿಲು ಮತ್ತೆ ಮೊದಲಿನಿಂದ ತಿನ್ನುತ್ತದೆ. ಅದೇ ದಿನ ವ್ಯಾಕ್ಸ್ ಹಚ್ಚಿ. ಕಾರ್ನೂಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ಜಾತಿಯ ತಾಳೆಗರಿಯಿಂದ ಬರುವುದು, ಹಚ್ಚಲು ಸುಲಭ. ಪಾಲಿಮರ್ ವ್ಯಾಕ್ಸ್ ಇನ್ನೂ ಸ್ವಲ್ಪ ಬಾಳಿಕೆ. ತೆಳುವಾಗಿ ಹಚ್ಚಿ, ಮಸುಕು ಕಟ್ಟಿದ ಮೇಲೆ ಒರೆಸಿ, ಎರಡನೇ ಕೈ ಹಾಕಿ. ದಪ್ಪ ಹಚ್ಚಿದರೆ ಒರೆಸುವುದೇ ಕಷ್ಟ, ಲಾಭ ಇಲ್ಲ. ನಮ್ಮ ಬಿಸಿಲಿಗೆ ನಾನು ಮೂರು ತಿಂಗಳಿಗೊಮ್ಮೆ ಹಚ್ಚುತ್ತೇನೆ. ನೀರು ಎರಚಿದಾಗ ಮಣಿಮಣಿಯಾಗಿ ನಿಲ್ಲದೆ ಹರಡಿಕೊಂಡರೆ ವ್ಯಾಕ್ಸ್ ಮುಗಿದಿದೆ. ಆಮೇಲೆ ತೊಳೆಯಲು ಪಾತ್ರೆ ಲಿಕ್ವಿಡ್ ಬೇಡ, ಅದು ವ್ಯಾಕ್ಸನ್ನೂ ತೊಳೆದುಬಿಡುತ್ತದೆ. ಕಾರ್ ಶಾಂಪೂ ಸಾಕು. ತಳಕ್ಕೆ ಚಿಪ್ಪು ಹಿಡಿಯದ ಪೇಂಟ್ ಹೊಡೆಯುವವರು ನೀರಿನ ಗೆರೆಯ ಕೆಳಗೆ ವ್ಯಾಕ್ಸ್ ಮುಟ್ಟಿಸಬೇಡಿ, ಪೇಂಟ್ ಹಿಡಿಯುವುದಿಲ್ಲ.

ದಡದಲ್ಲಿ ಸಿಗುವ ಸಲಹೆಗಳ ಬಗ್ಗೆ ಒಂದು ಮಾತು. ಡೀಸೆಲ್ ಒರೆಸಿ ಎನ್ನುತ್ತಾರೆ, ತೆಂಗಿನೆಣ್ಣೆ ಎನ್ನುತ್ತಾರೆ. ಮರದ ದೋಣಿಗೆ ಮೀನೆಣ್ಣೆ, ಗೇರೆಣ್ಣೆ ಬಳಿಯುತ್ತಿದ್ದ ಕಾಲದ ಬುದ್ಧಿ ಅದು. ಮರ ಎಣ್ಣೆ ಕುಡಿಯುತ್ತದೆ, ಅದರಿಂದ ಬಾಳುತ್ತದೆ. ಫೈಬರ್ ಕುಡಿಯುವುದಿಲ್ಲ. ಗುಂಡಿಯಲ್ಲಿ ಕೂತ ಎಣ್ಣೆ ನಾಲ್ಕು ದಿನ ಹೊಳೆದು, ಧೂಳು ಹಿಡಿದು, ಇನ್ನೂ ಕೊಳಕಾಗುತ್ತದೆ. ಕಾರಿನ ಡ್ಯಾಶ್‌ಬೋರ್ಡಿಗೆ ಹಾಕುವ ಸಿಲಿಕೋನ್ ಸ್ಪ್ರೇ ಇನ್ನೂ ಕೆಟ್ಟದ್ದು. ಮುಂದೆ ಎಂದಾದರೂ ಪೇಂಟ್ ಹೊಡೆಯಹೊರಟರೆ ಪೇಂಟ್ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ಜೆಲ್‌ಕೋಟ್ ಮುಗಿದೇ ಹೋಗಿದ್ದರೆ

ಭಾವನ ಗ್ರೈಂಡರ್ ತಿಂದ ಜಾಗಕ್ಕೆ ನಾನು ಜೆಲ್‌ಕೋಟ್ ತೇಪೆ ಹಾಕಿದೆ. ಸಣ್ಣ ಜಾಗಕ್ಕೆ ಇದು ಮನೆಯಲ್ಲೇ ಆಗುವ ಕೆಲಸ. ಆದರೆ ಜೆಲ್‌ಕೋಟ್‌ಗೆ ಒಂದು ಗುಣ ಇದೆ. ಗಾಳಿ ತಾಗುವ ಮೈ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಅಂಗಡಿಯಲ್ಲಿ ವ್ಯಾಕ್ಸ್ ಬೆರೆಸಿದ ಜೆಲ್‌ಕೋಟ್ ಕೇಳಿ. ಸಿಗದಿದ್ದರೆ ಹಚ್ಚಿದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಗಾಳಿ ಇಲ್ಲದಂತೆ ಅಂಟಿಸಿ. ಗಟ್ಟಿಯಾದ ಮೇಲೆ ಹಾಳೆ ತೆಗೆದು ಉಜ್ಜಿ. ಬಿಳಿಗೆ ಬಿಳಿ ಹೊಂದಿಸುವುದು ಅಂದುಕೊಂಡಷ್ಟು ಸುಲಭವಲ್ಲ. ನನ್ನ ತೇಪೆ ಇವತ್ತಿಗೂ ಹಾಲಿನ ಮೇಲೆ ಬೆಣ್ಣೆ ಇಟ್ಟ ಹಾಗೆ ಕಾಣುತ್ತದೆ.

ಗಟ್ಟಿಯಾಗಿಸಲು ಹಾಕುವ ಕ್ಯಾಟಲಿಸ್ಟ್ ಎಂಇಕೆಪಿ. ತೂಕದಲ್ಲಿ ನೂರಕ್ಕೆ ಒಂದರಿಂದ ಎರಡು ಭಾಗ, ಡಬ್ಬಿಯ ಮೇಲೆ ಬರೆದಷ್ಟೇ ಹಾಕಿ. ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಇಲ್ಲದೆ ಬಾಟಲಿ ತೆರೆಯಬೇಡಿ. ಇದನ್ನು ರಾಳ ಬೇಗ ಗಟ್ಟಿಯಾಗಲು ಹಾಕುವ ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್ ಜೊತೆ ನೇರವಾಗಿ ಯಾವತ್ತೂ ಬೆರೆಸಬೇಡಿ, ಸ್ಫೋಟಿಸುತ್ತದೆ. ಒಂದನ್ನು ರಾಳಕ್ಕೆ ಹಾಕಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಇಡೀ ಮೈ ತೆಳುವಾಗಿದ್ದರೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಡಬ್ಬಿಯ ಪಾಲಿಯುರೆಥೇನ್ ಪೇಂಟ್ ಹೊಡೆಸುವುದೇ ಲೇಸು. ಅದರ ಗಟ್ಟಿಕಾರಕದಲ್ಲಿ ಶ್ವಾಸಕ್ಕೆ ಅಪಾಯಕಾರಿಯಾದ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡಿದರೆ ಸಾದಾ ಮಾಸ್ಕ್ ತಡೆಯುವುದಿಲ್ಲ. ಮನೆಯಲ್ಲಿ ಮಾಡುವವರು ರೋಲರ್, ಬ್ರಷ್ ಹಿಡಿಯಿರಿ, ಸ್ಪ್ರೇಯನ್ನು ಗಾಳಿ ಕೊಳವೆಯ ಮಾಸ್ಕ್ ಇರುವವರಿಗೆ ಬಿಡಿ. ಕರಾವಳಿಯಲ್ಲಿ ಇದಕ್ಕೆ ಒಳ್ಳೆಯ ಕಾಲ ಡಿಸೆಂಬರ್, ಜನವರಿ. ಮಳೆಗಾಲದ ತೇವದಲ್ಲಿ ಹೊಡೆದರೆ ಪೇಂಟಿನ ಹೊಳಪೇ ಸಾಯುತ್ತದೆ. ದುಡಿಮೆಯ ದಿನಗಳಲ್ಲಿ ದೋಣಿ ನಿಲ್ಲಿಸಬೇಕಲ್ಲ ಎಂಬುದು ಬೇರೆ ಸಂಕಟ.

ಮಳೆಗಾಲದ ಮುಚ್ಚಿಗೆ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಮೀನಿನ ಬೋಟುಗಳೂ ನಮ್ಮಂಥವರ ದೋಣಿಗಳೂ ಒಟ್ಟಿಗೆ ದಡದಲ್ಲಿರುತ್ತವೆ. ಎಲ್ಲರೂ ನೀಲಿ ಟಾರ್ಪಾಲನ್ನು ಬಿಗಿಯಾಗಿ ಸುತ್ತಿ ಹಗ್ಗ ಬಿಗಿಯುತ್ತಾರೆ. ಮೈಗೆ ಅಂಟಿದ ಟಾರ್ಪಾಲಿನ ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಗಾಳಿಗೆ ಟಾರ್ಪಾಲ್ ಬಡಿದಾಡಿದರೆ ಹೊಯಿಗೆಯ ಕಣ ಮಧ್ಯೆ ಸಿಕ್ಕಿ ವಾಟರ್ ಪೇಪರಿನ ಕೆಲಸವನ್ನೇ ಮಾಡುತ್ತದೆ. ಅಡ್ಡಕ್ಕೆ ಬಿದಿರಿನ ಗಳು ಇಟ್ಟು, ಟಾರ್ಪಾಲ್ ಮೈಯಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಮಾಡಿ. ಎರಡೂ ತುದಿ ಗಾಳಿಗೆ ತೆರೆದಿರಲಿ. ತೆಂಗಿನ ಮಡಲ ತಟ್ಟಿ ಇದ್ದರೆ ಅದರ ಮೇಲೆ ಹೊದಿಸಿ. ದೋಣಿಯ ತಳದ ಬೂಚು ತೆಗೆದು ಮೂತಿಯನ್ನು ಚೂರು ಎತ್ತರಿಸಿ, ಒಳಗೆ ಬಿದ್ದ ನೀರು ಹೊರಗೆ ಹೋಗಲಿ.

ಈ ಸಲ ಎಡಮಗ್ಗುಲನ್ನು ದಕ್ಷಿಣಕ್ಕೆ ಮಾಡಿ ನಿಲ್ಲಿಸಿದ್ದೇನೆ.